ಕೆಂಚಣ್ಣನ ಪಾಲಿನ ಅಳು

ನಮ್ಮ ಮನೆಯ ಬೀರುವಿನ ಮೇಲೆ ಒಂದು ಬಾಟಲಿ ಸಮುದ್ರದ ನೀರಿದೆ. ಬಳ್ಳಾರಿಯ ಕೌಲ್‌ಬಜಾರಿನ ನಮ್ಮ ಓಣಿಯಲ್ಲಿ ನಲ್ಲಿ ಬಂದ ದಿನ ಹೆಂಗಸರು ಒಂದು ಕೊಡ ನೀರಿಗೆ ಜುಟ್ಟು ಹಿಡಿದುಕೊಳ್ಳುತ್ತಾರೆ. ನನ್ನ ಗಂಡ ಮಾತ್ರ ಯಾರೂ ಕುಡಿಯಲಾರದ ನೀರನ್ನು ಕುಮಟಾದಿಂದ ಬಸ್ಸಿನಲ್ಲಿ ಹೊತ್ತು ತಂದು ದೇವರ ಹಾಗೆ ಮೇಲಿಡುತ್ತಾನೆ. ಒಮ್ಮೆ ನಮ್ಮತ್ತೆ ಗೊತ್ತಿಲ್ಲದೆ ಅದನ್ನು ತುಳಸಿಗೆ ಹಾಕಿಬಿಟ್ಟರು. ತುಳಸಿ ಒಣಗಿತು, ಮನೆಯಲ್ಲಿ ಮೂರು ದಿನ ಮಾತಿರಲಿಲ್ಲ. ಅವನಿಗೆ ಹೊಟ್ಟೆ ಉರಿದದ್ದು ತುಳಸಿಗಲ್ಲ ಅಂತ ಬೇರೆ ಹೇಳಬೇಕಿಲ್ಲ.

ಎದುರಿಗೆ ನಾನು ಅವನಿಗೆ ನೀವು ಅನ್ನುತ್ತೇನೆ. ಇಲ್ಲಿ ಅವನು ಅಂತಲೇ ಬರೆಯುತ್ತೇನೆ, ಅಷ್ಟಾದರೂ ನನ್ನ ಪಾಲಿಗಿರಲಿ. ಹೆಸರು ಹುಲುಗೇಶ್, ವಯಸ್ಸು ನಲವತ್ತೊಂದು. ಗಿಟಾರು ಬಾರಿಸುವುದು ಕಸುಬು. ನಾನು ಪೂಜಿತಾ, ನನ್ನ ಕಸುಬು ಜೀನ್ಸ್ ಪ್ಯಾಂಟಿಗೆ ಸೊಂಟದ ಪಟ್ಟಿ ಕೂರಿಸುವುದು. ಬೆಳಿಗ್ಗೆ ಒಂಬತ್ತಕ್ಕೆ ಮಷಿನ್ನಿನ ಮುಂದೆ ಕೂತರೆ ಸಂಜೆಯ ಹೊತ್ತಿಗೆ ಬೆರಳೆಲ್ಲ ನೀಲಿ. ಮದುವೆಯಾದ ಹೊಸದರಲ್ಲಿ ಅವನು ಆ ಬೆರಳು ಹಿಡಿದು, ಇದು ಸಮುದ್ರದ ಬಣ್ಣ ಅಂದಿದ್ದ. ನಾನೂ ಪೆದ್ದಿ, ನಕ್ಕಿದ್ದೆ. ಹದಿನೇಳು ವರ್ಷವಾಯಿತು, ಆ ಬಣ್ಣ ಸೋಪಿಗೂ ಹೋಗುತ್ತಿಲ್ಲ, ನಿಂಬೆಹಣ್ಣಿಗೂ ಹೋಗುತ್ತಿಲ್ಲ.

ಅವನು ಹುಟ್ಟಿದ್ದು ಸಿರುಗುಪ್ಪದ ಹತ್ತಿರದ ಕೆಂಚನಗುಡ್ಡದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಹೊಳೆ ನೋಡಿ ಬೆಳೆದವನಿಗೆ ಸಮುದ್ರದ ಹುಚ್ಚು ಯಾಕೆ ಹಿಡಿಯಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಪಿಯುಸಿಯಲ್ಲಿದ್ದಾಗ ಕಾರವಾರಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದರಂತೆ. ಎಲ್ಲರೂ ಬಸ್ಸು ಹತ್ತಿದರೂ ಇವನು ಮೊಣಕಾಲುದ್ದ ನೀರಿನಲ್ಲಿ ನಿಂತೇ ಇದ್ದನಂತೆ, ಮೇಷ್ಟ್ರು ಕಿವಿ ಹಿಡಿದು ಎಳೆದು ತಂದರಂತೆ. ಬಂದವನೇ ಆ ಸಪ್ಪಳ ಬಾರಿಸಬೇಕು ಅಂತ ಹಟ ಹಿಡಿದ. ಕುರುಗೋಡಿನಲ್ಲಿದ್ದ ಅವನ ದೊಡ್ಡವ್ವ ಗಂಗಕ್ಕ, ಅಂದರೆ ನಮ್ಮತ್ತೆಯ ಅಕ್ಕ, ತನ್ನ ಎರಡು ಆಡು ಮಾರಿ ಕಂಟೋನ್ಮೆಂಟಿನ ಒಬ್ಬ ಮೇಷ್ಟ್ರ ಹತ್ತಿರ ಹಳೆಯ ಗಿಟಾರು ಕೊಡಿಸಿದಳು. ನಮ್ಮತ್ತೆ ಹೊನ್ನೂರಮ್ಮ ಅದಕ್ಕೆ ಅವತ್ತು ಪೆಟಗಿ ಅಂದವರು ಇವತ್ತಿಗೂ ಪೆಟಗಿ ಅನ್ನುತ್ತಾರೆ.

ಮೊದಲು ಗಣಪತಿ ಹಬ್ಬದ ಆರ್ಕೆಸ್ಟ್ರಾ, ಆಮೇಲೆ ಮಾರೇಶ್ ಅನ್ನುವ ಡ್ರಮ್ಮಿನವನನ್ನು ಕಟ್ಟಿಕೊಂಡು ಸ್ವಂತ ತಂಡ. ತಂಡದ ಹೆಸರು ‘ಉಪ್ಪುನೀರು’. ಸಿರುಗುಪ್ಪದ ಕಡೆ ಭತ್ತ ನಾಟಿ ಮಾಡುವ ಹೆಂಗಸರ ಪದಗಳಿಗೆ ಗಿಟಾರು, ಡ್ರಮ್ಮು ಕೂಡಿಸಿ ಹಾಡುವುದು. ಹದಿನೈದು ವರ್ಷ ಕಾಲೇಜು ಕಾಲೇಜು ತಿರುಗಿದರು. ಕರೆದವರು ಊಟ ಹಾಕಿದರು, ಶಾಲು ಹೊದಿಸಿದರು. ಶಾಲು ಹನ್ನೊಂದಾದಾಗ ಅತ್ತೆ ಅವನ್ನೆಲ್ಲ ಕೂಡಿಸಿ ಕೌದಿ ಹೊಲಿದರು. ಸುಳ್ಳು ಯಾಕೆ ಹೇಳಲಿ, ಅವನ ಕೈಯಲ್ಲಿ ವಿದ್ಯೆ ಇದೆ. ಸಂಜೆ ಮಾಳಿಗೆಯ ಮೇಲೆ ಕೂತು ಬಾರಿಸಿದರೆ ಕೊಡ ಹಿಡಿದು ಜಗಳವಾಡುವ ಹೆಂಗಸರೂ ಬಾಯಿ ಮುಚ್ಚಿ ನಿಲ್ಲುತ್ತಿದ್ದರು. ವಿದ್ಯೆ ಇಲ್ಲದವನಾಗಿದ್ದರೆ ನಾನು ಎಂದೋ ಗಿಟಾರನ್ನು ಒಲೆಗೆ ಹಾಕಿ ನೆಮ್ಮದಿಯಿಂದ ಇರುತ್ತಿದ್ದೆ.

ಇನ್ನು ನಮ್ಮತ್ತೆಯ ವಿಷಯ. ಸತ್ತವರ ಮನೆಯಲ್ಲಿ ಹಾಡಿ ಅಳುವುದಕ್ಕೆ ಸಿರುಗುಪ್ಪದಿಂದ ಕುರುಗೋಡಿನ ತನಕ ಅವರನ್ನು ಕರೆಯುತ್ತಿದ್ದರು. ಹೆಣದ ತಲೆಯ ಹತ್ತಿರ ಕೂತು, ಸತ್ತವರ ಹೆಸರು ಹಿಡಿದು, ಅವರು ಉಂಡದ್ದು, ದುಡಿದದ್ದು, ಅನುಭವಿಸಿದ್ದು ಎಲ್ಲ ಹಾಡಿನಲ್ಲಿ ಹೇಳಿ ಅಳುತ್ತಿದ್ದರು. ಬದುಕಿದ್ದಾಗ ಯಾರೂ ಬಾಯಿಬಿಡದ ಮಾತೂ ಅದರಲ್ಲಿ ಬರುತ್ತಿತ್ತು. ಗಂಡ ಹೊಡೆದದ್ದು, ಮಗ ಅನ್ನ ಹಾಕದ್ದು, ಎಲ್ಲ. ಕೇಳಿದ ಹೆಂಗಸರು ಅಲ್ಲೇ ಅತ್ತು ಅಲ್ಲೇ ಬಿಡುತ್ತಿದ್ದರು. ಹೆಣ ಎತ್ತಿದ ಮೇಲೆ ಆ ಮಾತನ್ನು ಯಾರೂ ಮತ್ತೆ ಎತ್ತುವಂತಿರಲಿಲ್ಲ, ಅಷ್ಟು ಕಟ್ಟುನಿಟ್ಟು. ಹೆಣ ಮುಂದಿಲ್ಲದೆ ಅತ್ತೆ ಆ ಪದದ ಒಂದು ಸಾಲನ್ನೂ ಹಾಡುತ್ತಿರಲಿಲ್ಲ. ಮಗ ಎಷ್ಟು ಸಲ ಗೋಗರೆದರೂ ರೊಟ್ಟಿ ತಟ್ಟುತ್ತಾ ಕೂತುಬಿಡುತ್ತಿದ್ದರು.

ಕಳೆದ ಸಂಕ್ರಾಂತಿಯ ಮುಂದೆ ಗಂಗಕ್ಕ ಸತ್ತಳು. ಲಕ್ವಾ ಹೊಡೆದು ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ಅತ್ತೆ, ನಾನು, ಮಗಳು ನಂದಿನಿ ಕುರುಗೋಡಿಗೆ ಓಡಿದೆವು. ನನ್ನ ಗಂಡ ಎಂದಿನಂತೆ ಕುಮಟಾದಲ್ಲಿ, ವರ್ಷಕ್ಕೊಂದು ತಿಂಗಳು ಸಮುದ್ರದ ಮುಂದೆ ಕೂರುವುದು ಅವನ ವ್ರತ. ಎಷ್ಟು ಹಾರಿ ಬಂದರೂ ಮಣ್ಣಿಗೆ ಮುಟ್ಟುವುದು ಸಾಧ್ಯವಿರಲಿಲ್ಲ. ಫೋನಿನಲ್ಲಿ ಮಗುವಿನ ಹಾಗೆ ಅತ್ತ.

“ಪೂಜಿ, ಮುಖ ಅಂತೂ ನೋಡಾಕ ಆಗಲಿಲ್ಲ. ಅವ್ವ ಅಳೋದನ್ನರ ಕೇಳ್ತೀನಿ. ಫೋನ್ ಕಟ್ ಮಾಡಬ್ಯಾಡ, ಹಂಗ ಹಿಡ್ಕೊಂಡು ಕುಂದ್ರು.”

ಆಡು ಮಾರಿ ಗಿಟಾರು ಕೊಡಿಸಿದ ದೊಡ್ಡವ್ವ. ಇಲ್ಲ ಅನ್ನಲು ನನಗೆ ಮನಸ್ಸು ಬರಲಿಲ್ಲ. ಸೆರಗಿನ ಮರೆಯಲ್ಲಿ ಫೋನ್ ಹಿಡಿದು ಅತ್ತೆಯ ಬೆನ್ನಿಗೇ ಕೂತೆ. ಅತ್ತೆ ಅಕ್ಕನ ತಲೆ ತೊಡೆಯ ಮೇಲಿಟ್ಟುಕೊಂಡು ಹಾಡಿ ಅತ್ತರು:

ಬುತ್ತಿ ಕಟ್ಟಿದ ಕೈಯೇ ಅಕ್ಕಾ,
ಬಾಸುಂಡೆ ಮುಚ್ಚಿದ ಸೆರಗೇ ಅಕ್ಕಾ,
ಹೊಡೆದ ಕೈಗೇ ತುತ್ತು ನೀಡಿ
ಹೊಳಿಯ ದಾಟಿ ಹೋದ್ಯೇನ ಅಕ್ಕಾ.

ಗಂಗಕ್ಕನ ಗಂಡ ಕೆಂಚಣ್ಣ, ಕಲ್ಲು ಒಡೆಯುವ ಕೆಲಸದಲ್ಲಿ ಮೈ ಸವೆಸಿದ ಮುದುಕ, ಹೊರಗೆ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಹರೆಯದಲ್ಲಿ ಹೆಂಡತಿಗೆ ಹೊಡೆಯುತ್ತಿದ್ದದ್ದು ಕೂಡಿದ ಹೆಂಗಸರಿಗೆಲ್ಲ ಗೊತ್ತು. ಹೆಣ ಎತ್ತಿದರು, ಎಲ್ಲರೂ ಮಿಂದು ಹೋದರು, ಮಾತು ಅಲ್ಲಿಗೇ ಮುಗಿಯಿತು ಅಂದುಕೊಂಡೆ.

ಯುಗಾದಿ ಕಳೆದ ವಾರ ನಂದಿನಿ ಕಸ ಗುಡಿಸುತ್ತಾ ಫೋನ್ ಹಚ್ಚಿದಳು. ಮೊದಲು ಅಲೆಯ ಸಪ್ಪಳ, ಅದರೊಳಗಿಂದ ಒಂದು ಮುದುಕಿಯ ದನಿ, ‘ಬುತ್ತಿ ಕಟ್ಟಿದ ಕೈಯೇ ಅಕ್ಕಾ’. ನಾಲ್ಕು ಸಾಲು ಆದ ಮೇಲೆ ಧಡಲ್ ಅಂತ ಡ್ರಮ್ಮು, ಗಿಟಾರು, ನನ್ನ ಗಂಡನ ಗಂಟಲು. ಅವನು ಹೊಳೆ ತೆಗೆದು ‘ಕಡಲ ದಾಟಿ ಹೋದ್ಯೇನ ಅಕ್ಕಾ’ ಅಂತ ಹಾಡಿದ್ದ. ನಂದಿನಿ ಪೊರಕೆ ಹಿಡಿದೇ ಸೊಂಟ ತಿರುಗಿಸುತ್ತಿದ್ದಳು. ಕ್ಲಾಸಿನವರೆಲ್ಲ ಇದಕ್ಕೇ ಕುಣಿಯುತ್ತಾರೆ, ಅಪ್ಪ ಫೇಮಸ್ ಆಗಿಬಿಟ್ಟ ಅಂದಳು. ಅತ್ತೆ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ಅವಳ ಕೆನ್ನೆಗೆ ಬಾರಿಸಿದರು. ಹುಟ್ಟಿದಾಗಿನಿಂದ ಮೊಮ್ಮಗಳ ಮೇಲೆ ಕೈ ಎತ್ತಿದವರಲ್ಲ. ಅವತ್ತು ಫೋನಿನ ಆ ಕಡೆ ಅವನು ಅಳುತ್ತಾ ಕೇಳುತ್ತಿದ್ದಾನೆ ಅಂತ ನಾನು ನಂಬಿದ್ದೆ. ಅಳುತ್ತಲೂ ಇದ್ದನಂತೆ, ರೆಕಾರ್ಡೂ ಮಾಡಿಕೊಳ್ಳುತ್ತಿದ್ದನಂತೆ.

ಆ ವಾರವೇ ಗಂಗಕ್ಕನ ಮಗ ಸಂಗಮೇಶ್ ಕುರುಗೋಡಿನಿಂದ ಬಂದ. ಚಪ್ಪಲಿ ಬಿಡಲಿಲ್ಲ, ಕೊಟ್ಟ ನೀರು ಮುಟ್ಟಲಿಲ್ಲ, ಹೊಸ್ತಿಲ ಹೊರಗೇ ನಿಂತ.

“ಚಿಗವ್ವಾ, ನಮ್ಮವ್ವನ ಹೆಣದ ಮುಂದ ನೀ ಅತ್ತದ್ದಕ್ಕ ನಿನ್ನಿ ಮದಿವ್ಯಾಗ ಹುಡುಗರು ಕುಣದ್ರು. ನಮ್ಮಪ್ಪ ಅಲ್ಲೇ ಪಂಕ್ತ್ಯಾಗ ಉಣ್ಣಾಕ ಕುಂತಿದ್ದ. ಅರ್ಧ ಎಲಿ ಬಿಟ್ಟು ಎದ್ದು ಬಂದ.”

“ನಾ ಯಾರಿಗೂ ಕೊಟ್ಟಿಲ್ಲಪ್ಪ.”

“ಹಂಗಾದ್ರ ನಿನ್ನ ದನಿ ತಾನ ನಡಕೊಂಡು ಹೋತೇನು? ಮಗನ ಹೆಸರಿಗೆ ನಮ್ಮವ್ವನ್ನ ಮಾರಿದಿ.”

ಅತ್ತೆ ನನ್ನ ಕಡೆ ನೋಡಲಿಲ್ಲ, ನನ್ನ ಮೇಲೆ ಅವರಿಗೆ ಅನುಮಾನವೇ ಇರಲಿಲ್ಲ. ಆ ಗಳಿಗೆಯಲ್ಲಿ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೆದರಿದೆ, ಅಷ್ಟೇ, ಅದಕ್ಕೆ ಬೇರೆ ಬಣ್ಣ ಹಚ್ಚುವುದಿಲ್ಲ. ಸಂಗಮೇಶ್ ತಿರುಗಿ ನೋಡದೆ ಹೋದ.

ಹಾಡಿನ ಕೆಲಸಕ್ಕೆ ಅಂತ ಮತ್ತೆ ಕುಮಟಾಕ್ಕೆ ಹೋಗಿದ್ದ ಗಂಡ ಶನಿವಾರ ಬಂದ. ಹೊಸ ಅಂಗಿ, ಹೊಸ ಗಿಟಾರು, ಕೈಯಲ್ಲಿ ಹೊಸ ಬಾಟಲಿ ನೀರು. ಅವತ್ತು ನಾನು ವಗ್ಗಾಣಿ, ಮಿರ್ಚಿ ಮಾಡಿದ್ದೆ. ಅವನು ತಿನ್ನುತ್ತಾ, ಇಷ್ಟು ವರ್ಷಕ್ಕೆ ದೇವರು ಕಣ್ಣು ಬಿಟ್ಟ, ಕುಮಟಾದಲ್ಲಿ ಒಂದು ಸಣ್ಣ ಮನೆ ನೋಡಿದ್ದೇನೆ, ಎಲ್ಲರೂ ಅಲ್ಲಿಗೇ ಹೋಗೋಣ, ಬೆಳಿಗ್ಗೆ ಎದ್ದರೆ ಬಾಗಿಲಿಗೇ ಸಮುದ್ರ ಅಂದ. ಅತ್ತೆ ಅವನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿ ಎದುರಿಗೆ ಕೂತರು.

“ಆ ಪದ ನಿನಗ ಯಾರು ಕೊಟ್ರು?”

ಅವನು ನನ್ನನ್ನು ಒಮ್ಮೆ ನೋಡಿದ. “ಯಾರೋ ಕಳಿಸಿದ್ರು ಬೇ. ಮೊದಲ ನಾ ಕೇಳಾಕ ಅಂತ ಇಟ್ಟಕೊಂಡಿದ್ದೆ. ಕೇಳಿ ಕೇಳಿ ಕೈ ತಾನ ತಂತಿಗೆ ಹೋತು. ದೊಡ್ಡವ್ವ ಅಂದ್ರ ಯಾರಿಗೆ ಗೊತ್ತಿತ್ತು? ಇವತ್ತು ಲಕ್ಷ ಮಂದಿ ಅಕಿ ಸಲುವಾಗಿ ಅಳ್ತಾರ.”

“ಅಳ್ತಾರೋ ಕುಣಿತಾರೋ?”

“ನಮ್ಮ ಹಾಡಿನ್ಯಾಗ ಎರಡೂ ಒಂದ ಬೇ.”

“ಅಕಿ ಹುಟ್ಟಿದಾಗಿಂದ ಕಡಲ ಕಂಡಾಕಿ ಅಲ್ಲ. ಯಾಕ ಕಡಲ ದಾಟಿಸಿದಿ?”

“ಹೊಳಿ ಸಣ್ಣದಾಕ್ಕಿತ್ತು.”

ಅತ್ತೆ ಎದ್ದು ಹೋಗಿ ಹಿತ್ತಲಲ್ಲಿ ಪಾತ್ರೆ ತಿಕ್ಕಲು ಕೂತರು. ನಾನು ನನ್ನ ಪಾಲಿನದನ್ನೂ ಅವನಿಗೆ ಅಂದೆ, ಅಳುವುದಕ್ಕೆ ಅಂತ ಇಸಿದುಕೊಂಡದ್ದನ್ನು ಅಂಗಡಿಯಲ್ಲಿ ಇಟ್ಟಿರಲ್ಲ, ಅದನ್ನು ತೆಗೆಸಿಹಾಕಿ ಅಂದೆ. ಅದು ಈಗ ತನ್ನ ಕೈಯಲ್ಲಿಲ್ಲ, ಯಾರು ಯಾರದೋ ಫೋನಿನಲ್ಲಿದೆ ಅಂದ. ನಿನ್ನ ಹೆಸರು ಹೇಳಿಲ್ಲ ನೋಡು ಅಂತ ಮೆಲ್ಲಗೆ ಬೇರೆ ಅಂದ, ಉಪಕಾರ ಮಾಡಿದವನ ಹಾಗೆ. ಆ ಹಾಡಿನಿಂದ ನಮ್ಮ ಮನೆಗೆ ಫ್ರಿಜ್ಜು ಬಂತು. ಅತ್ತೆ ಅದರ ನೀರು ಕುಡಿಯಲಿಲ್ಲ. ನಾನು ಕುಡಿದೆ.

ಆಮೇಲೆ ಅತ್ತೆಗೆ ಕರೆ ನಿಂತುಹೋಯಿತು. ಸಿರುಗುಪ್ಪದಲ್ಲಿ ಅವರ ಜೊತೆ ಇಪ್ಪತ್ತು ವರ್ಷ ನಾಟಿ ಮಾಡಿದ ಒಬ್ಬ ಗೆಳತಿ ತೀರಿಕೊಂಡ ಸುದ್ದಿ ಬಂತು. ಅತ್ತೆ ಹಳೆಯ ಸೀರೆ ಉಟ್ಟು, ಕೈಚೀಲದಲ್ಲಿ ಒಂದು ಸೀರೆ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ಕರೆಯದೆ ಹೋಗುವುದು ಅವರ ಪದ್ಧತಿಯಲ್ಲ. ಫೋನ್ ಬರಲಿಲ್ಲ. ಮಧ್ಯಾಹ್ನ ನಾನು ಬದನೆಕಾಯಿ ಪಲ್ಯ, ರೊಟ್ಟಿ ತಂದು ಪಕ್ಕದಲ್ಲಿಟ್ಟೆ, ಇರುವೆ ಮುತ್ತಿದವು. ಸಂಜೆ ಎದ್ದು ಒಳಗೆ ಬಂದು ಸೀರೆ ಮಡಚಿ ಟ್ರಂಕಿಗೆ ಹಾಕಿದರು. ಹೊನ್ನೂರಮ್ಮ ಬಂದರೆ ನಮ್ಮ ಮನೆಯ ಮಾತೂ ಫೋನಿಗೆ ಹೋಗುತ್ತದೆ ಅಂತ ಸಿರುಗುಪ್ಪದ ಹೆಂಗಸರು ಅಂದರಂತೆ. ಯಾರೋ ನಮ್ಮ ಓಣಿಯವರೇ ಅದನ್ನು ತಂದು ಕಿವಿಗೆ ಹಾಕಿದರು, ಪುಣ್ಯವಂತರು.

ಮೇ ತಿಂಗಳಲ್ಲಿ ಕೆಂಚಣ್ಣ ಹಾಸಿಗೆ ಹಿಡಿದ. ಸುದ್ದಿ ತಂದದ್ದು ನನ್ನ ಪಕ್ಕದ ಮಷಿನ್ನಿನ ಸೌಂದರ್ಯ, ಅವಳು ಕುರುಗೋಡಿನಿಂದಲೇ ದಿನಾ ಬರುವವಳು. ಮದುವೆಯ ಊಟದಿಂದ ಎದ್ದು ಬಂದ ಮೇಲೆ ಅವನು ಮನೆಯಿಂದ ಹೊರಗೆ ಕಾಲಿಡಲಿಲ್ಲವಂತೆ. ಹೆಂಡತಿಗೆ ಹೊಡೆಯುತ್ತಿದ್ದ ಕೆಂಚಣ್ಣ ಅಂತ ಹುಡುಗರು ಕೈ ತೋರಿಸುತ್ತಿದ್ದರಂತೆ. ಇದನ್ನು ಕೇಳಿದ ದಿನ ಅತ್ತೆ ಜೋಳ ಹಸನು ಮಾಡುತ್ತಿದ್ದವರು ಕೈ ನಿಲ್ಲಿಸಿದರು.

“ಹೊಡದದ್ದು ಖರೆ. ಆದ್ರ ಲಕ್ವಾ ಆದಮ್ಯಾಲೆ ಎರಡು ವರ್ಷ ಅಕಿನ್ನ ಎತ್ತಿ ಉಣಿಸಿದಾಂವ ಅಂವನ. ತಲಿ ಬಾಚಿದ, ಹೇಲು ಉಚ್ಚಿ ಬಳದ. ನಾ ಕಣ್ಣಾರೆ ಕಂಡೀನಿ. ತಪ್ಪು ಅಕಿ ಅಳುವಿನ್ಯಾಗ ಬಂತು. ಒಳ್ಳೇದು ಅಂವನ ಅಳುವಿನ್ಯಾಗ ಬರಬೇಕಲ್ಲ. ಅದು ಅಂವನ ಪಾಲು. ಈಗ ಊರಿಗೆಲ್ಲ ಅರ್ಧ ಮಾತ ಗೊತ್ತಾಗೈತಿ.”

ಅಂದಿನಿಂದ ಅವರಿಗೆ ಅದೊಂದೇ ಚಿಂತೆ. ಕೆಂಚಣ್ಣ ಹೋದ ದಿನ ತಾನು ಅವನ ತಲೆಯ ಹತ್ತಿರ ಕೂತು ಉಳಿದರ್ಧ ಹೇಳಬೇಕು, ಸಂಗಮೇಶ್ ಬಿಡುತ್ತಾನೋ ಇಲ್ಲವೋ. ಅಕ್ಕಿ ಆರಿಸುವಾಗ, ಬಟ್ಟೆ ಹಿಂಡುವಾಗ ತುಟಿ ಸುಮ್ಮನೆ ಆಡುತ್ತಿತ್ತು, ದನಿ ಇರುತ್ತಿರಲಿಲ್ಲ. ಮಗನಿಗೆ ಫೋನ್ ಮಾಡಿ, ಕುರುಗೋಡಿಗೆ ಹೋಗಿ ಸಂಗಮೇಶನ ಮುಂದೆ ತಪ್ಪಾಯ್ತು ಅನ್ನು ಅಂತ ಕೇಳಿಕೊಂಡರು. ಎರಡನೆಯ ಆಲ್ಬಮ್ಮಿನ ಕೆಲಸ ನಡೆದಿದೆ, ಮಳೆಗಾಲದ ಸಮುದ್ರ ವರ್ಷಕ್ಕೊಮ್ಮೆಯೇ ಸಿಗುವುದು, ಮುಗಿಸಿ ಬರುತ್ತೇನೆ ಅಂದ. ನಾನು ಅಲ್ಲೇ ನಿಂತು ಕೇಳಿದೆ. ನಾನು ಹೋಗಿ ಹೇಳಬಹುದಿತ್ತು, ಬಸ್ಸಿಗೆ ಒಂದು ತಾಸಿನ ದಾರಿ. ಇವತ್ತು ಕೆಲಸ ಜಾಸ್ತಿ, ನಾಳೆ ನಂದಿನಿಯ ಸ್ಕೂಲು ಶುರು ಅಂತ ದಿನ ದೂಡಿದೆ.

ಜೂನ್ ಎರಡನೆಯ ವಾರ, ಬುಧವಾರ ಬೆಳಿಗ್ಗೆ, ಸೌಂದರ್ಯ ಕೆಲಸಕ್ಕೆ ಬರಲಿಲ್ಲ, ಕೆಂಚಣ್ಣ ಹೋದ ಅಂತ ಫೋನ್ ಮಾಡಿದಳು. ಸಂಗಮೇಶ್ ನಮಗೆ ಹೇಳಿ ಕಳಿಸಿರಲಿಲ್ಲ. ಅತ್ತೆ ಮೊದಲ ಸಲ ಕರೆಯದೆ ಹೊರಟರು. ನಾನು ಗಂಡನಿಗೆ ಒಂದು ಮೆಸೇಜು ಹಾಕಿ ಅವರ ಹಿಂದೆ ಹೋದೆ.

ಕುರುಗೋಡಿನ ಆ ಮನೆಯ ಬಾಗಿಲಲ್ಲಿ ಒಂದು ಮೊರ ಇಟ್ಟಿದ್ದರು. ಒಳಗೆ ಹೋಗುವ ಹೆಂಗಸರೆಲ್ಲ ತಮ್ಮ ತಮ್ಮ ಫೋನನ್ನು ಅದರಲ್ಲಿಟ್ಟು ಹೋಗಬೇಕು. ನಮ್ಮಿಂದ ಶುರುವಾದ ಹೊಸ ಪದ್ಧತಿ. ಮೊರದ ತುಂಬ ಫೋನು, ಒಳಗೆ ಹಾಡಿ ಅಳುವವರು ಒಬ್ಬರೂ ಇಲ್ಲ, ಬರೀ ಮೂಗಿನ ಸಪ್ಪಳ. ಸಂಗಮೇಶ್ ಅಡ್ಡ ನಿಂತ.

“ಮುಖ ನೋಡಿ ಹೋಗು ಚಿಗವ್ವಾ. ಬಾಯಿ ತೆರಿಬ್ಯಾಡ. ನಮ್ಮಪ್ಪನ ಬಗ್ಗೆ ನೀ ಹೇಳೋದು ಹೇಳಿ ಆಗೈತಿ.”

ಅತ್ತೆ ಕೈ ಮುಗಿದು ನಿಂತರು. ಆ ಮುದುಕಿ ತನ್ನ ಅಕ್ಕನ ಮಗನಿಗೆ ಕೈ ಮುಗಿದದ್ದನ್ನು ನೋಡಿದ ಮೇಲೆ ನನ್ನಿಂದ ಆಗಲಿಲ್ಲ. ನನ್ನ ಫೋನನ್ನು ಮೊರಕ್ಕೆ ಹಾಕಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ಅವರು ಮಾರಿಲ್ಲ ಸಂಗಮೇಶ್. ಅವತ್ತು ಫೋನ್ ಹಿಡಿದು ಕುಂತಾಕಿ ನಾನು. ನಮ್ಮನಿಯವ್ರು ದೊಡ್ಡವ್ವನ ಅಳು ಕೇಳ್ತೀನಿ ಅಂದ್ರು, ಸೆರಗಿನ್ಯಾಗ ಹಿಡಿದೆ. ಅತ್ತೆಗೆ ಇವತ್ತಿನ ತನಕ ಗೊತ್ತಿಲ್ಲ. ನನ್ನ ಮುಖಕ್ಕ ಉಗುಳು, ಅವರನ್ನ ಒಳಗ ಬಿಡು.”

ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. ಸಂಗಮೇಶ್ ಮೊರವನ್ನು ನೋಡಿ, ಮುಖ ತಿರುಗಿಸಿ ದಾರಿ ಬಿಟ್ಟ.

ಅತ್ತೆ ಕೆಂಚಣ್ಣನ ತಲೆಯ ಹತ್ತಿರ ಕೂತು ಸೆರಗು ಹೊದ್ದುಕೊಂಡರು. ಹೆಂಗಸರು ಸರಿದು ಹತ್ತಿರ ಬಂದರು. ಉಳಿದರ್ಧ ಕೇಳುವುದಕ್ಕೆ ಎಲ್ಲರಿಗೂ ಬೇಕಿತ್ತು, ಸಂಗಮೇಶನಿಗೂ ಬೇಕಿತ್ತು, ಅವನು ಬಾಗಿಲಿಗೆ ಬಂದು ನಿಂತ. ಅತ್ತೆ ಎತ್ತಿದರು:

ಎತ್ತಿ ಉಣಿಸಿದ ಕೈಯೇ ಬಾವಾ,
ಹೆರಳ ಹೆಣೆದ ಬೆರಳೇ ಬಾವಾ—

ಅತ್ತೆಯ ಅಳುವಿಗೆ ತಾಳ ಅಂತ ಇರಲಿಲ್ಲ, ಉಸಿರು ಇದ್ದಷ್ಟು ಎಳೆಯುವುದು, ಉಸಿರು ಕಟ್ಟಿದಾಗ ನಿಲ್ಲಿಸುವುದು. ಈಗ ಅವರ ಅಂಗೈ ನೆಲಕ್ಕೆ ಬಡಿಯತೊಡಗಿತು. ಒಂದು, ಎರಡು, ತಡೆದು ಮೂರು. ಮಾರೇಶನ ಡ್ರಮ್ಮು. ಮೂರು ತಿಂಗಳು ಓಣಿಯಲ್ಲಿ, ಆಟೋದಲ್ಲಿ, ನಲ್ಲಿಯ ಹತ್ತಿರ ಅದೇ ಕೇಳಿದ್ದೇವೆ. ಬಾಗಿಲಲ್ಲಿದ್ದ ಇಬ್ಬರು ಹುಡುಗಿಯರ ತಲೆ ತಮಗೆ ಗೊತ್ತಿಲ್ಲದೆಯೇ ಆಡಿತು. ಒಬ್ಬಳು ತುಟಿ ಕಚ್ಚಿಕೊಂಡಳು. ಅತ್ತೆ ನಿಲ್ಲಿಸಿದರು. ನೀರು ಕುಡಿದು, ದನಿ ತಗ್ಗಿಸಿ ಬೇರೆ ಕಡೆಯಿಂದ ಎತ್ತಿದರು. ಎರಡನೆಯ ಸಾಲಿಗೆ ಅಂಗೈ ಮತ್ತೆ ಅಲ್ಲಿಗೇ ಹೋಯಿತು. ಆ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದು ನೋಡಿದರು, ಆಗ ದನಿಯೇ ತಾಳಕ್ಕೆ ಬಿತ್ತು.

“ಬರವಲ್ದು. ಎಲ್ಲಿ ಎತ್ತಿದ್ರೂ ನನ್ನ ಮಗನ ತಾಳಕ್ಕ ಬೀಳ್ತೈತಿ,” ಅಂದರು. ಕೆಂಚಣ್ಣನ ಹಣೆಯ ಮೇಲೆ ಕೈಯಿಟ್ಟು, “ತಪ್ಪಾತು ಬಾವ,” ಅಂದು ಎದ್ದರು.

ಕೆಂಚಣ್ಣ ಹಾಡಿಲ್ಲದೆ ಮಣ್ಣಿಗೆ ಹೋದ.

ವಾಪಸು ಬಸ್ಸಿನಲ್ಲಿ ನಾನು ಅವರ ಪಕ್ಕದಲ್ಲೇ ಕೂತೆ. ಬಹಳ ದೂರ ಬಂದ ಮೇಲೆ ಒಂದೇ ಮಾತು ಅಂದರು. “ಅವತ್ತ ನನಗ ಹೇಳಿದ್ರ ಒಂದು ಬೈಗುಳಕ್ಕ ಮುಗಿತಿತ್ತು ಪೂಜಿತಾ. ಬಾವ ಬದುಕಿದ್ದಾಗ ಹೋಗಿ ಅಂವನ ಕಾಲನ್ನರ ಹಿಡಿತಿದ್ದೆ.”

ಊರ ಹತ್ತಿರ ಬರುವಾಗ ಫೋನ್ ಬಂತು. ಗಂಡ. ಮೊದಲು ಸಮುದ್ರವೇ ಕೇಳಿಸಿತು, ಆಮೇಲೆ ಅವನು. ಈಗ ಮೆಸೇಜು ನೋಡಿದೆ, ಕೆಂಚಣ್ಣ ದೊಡ್ಡಪ್ಪ ಹೋದನಾ, ಅಯ್ಯೋ, ಅವ್ವ ಏನು ಹಾಡಿದಳು, ಹೇಗೆ ಹಾಡಿದಳು ಅಂತ ಒಂದೇ ಉಸಿರಿಗೆ ಕೇಳಿದ. ನಾನು ಫೋನನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದು, ಬಾಯಿಯ ಹತ್ತಿರ ತಂದು, ಒಂದೊಂದೇ ಮಾತು ಬಿಡಿಸಿ ಹೇಳಿದರು.

“ನಾ ಸತ್ತಾಗ ಬಾ ಹುಲುಗ್ಯಾ. ಪೆಟಗಿ ಹೊರಗ ಇಟ್ಟು ಒಳಗ ಬಾ. ಸುಮ್ನ ಕುಂತು ಅಳು. ನನ್ನ ಮ್ಯಾಲ ಪದ ಕಟ್ಟಬ್ಯಾಡ.”

ಹೇಳಿ ಫೋನ್ ನನಗೆ ಕೊಟ್ಟು ಕಿಟಕಿಯ ಕಡೆ ತಿರುಗಿದರು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದರು. ನಾನು ಕಿವಿಗಿಟ್ಟುಕೊಂಡೆ.

“ಯವ್ವಾ,” ಅನ್ನುತ್ತಿದ್ದ ಅವನು, “ಇನ್ನೊಮ್ಮೆ ಹೇಳು. ಸಮುದ್ರದ ಸಪ್ಪಳಕ್ಕ ಏನೂ ಕೇಳಲಿಲ್ಲ.”

ನಾನು ಫೋನ್ ಆಫ್ ಮಾಡಿದೆ.